ವಿಜಯನಗರದ ಹತ್ರ...

ಗೋವಿಂದರಾಜನಗರದವರನ್ನ "ಮನೆ ಎಲ್ಲಿ?" ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ "ವಿಜಯನಗರದ ಹತ್ರ" ಅಂತಾರೆ. ಕೇಳಿದವರು ಇಂದಿರಾನಗರ, ವೈಟ್‌ಫೀಲ್ಡ್ ಕಡೆಯವರಾದ್ರೆ ಅದೂ ಸಾಲದು, "ಮಾಗಡಿ ರೋಡ್, ಮೆಜೆಸ್ಟಿಕ್‌ನಿಂದ ಆ ಕಡೆ" ಅಂತ ಬಿಡಿಸಿ ಹೇಳಬೇಕು. ನಮ್ಮೂರಿನ ಹೆಸರನ್ನ ನಾವೇ ಬಾಯಿ ತುಂಬಾ ಹೇಳಲ್ಲ. ಮೆಟ್ರೋದವರೂ ಹೇಳಲಿಲ್ಲ ಬಿಡಿ. 2015ರ ನವೆಂಬರ್‌ನಲ್ಲಿ ಈ ಕಡೆ ರೈಲು ಶುರುವಾದಾಗ ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿನಗರ ಎಲ್ಲಕ್ಕೂ ಒಂದೊಂದು ನಿಲ್ದಾಣ ಸಿಕ್ತು. ಗೋವಿಂದರಾಜನಗರದ ಹೆಸರಲ್ಲಿ ಒಂದೂ ಇಲ್ಲ :)

ಹೆಸರು ಹೋಗಲಿ, ಲೆಕ್ಕ ನೋಡೋಣ. ಹಳೆಯ ಬಿನ್ನಿಪೇಟೆ ಕ್ಷೇತ್ರ ಹೋಗಿ ಗೋವಿಂದರಾಜನಗರ ವಿಧಾನಸಭಾ ಕ್ಷೇತ್ರ ಆಗಿದ್ದು 2008ರಲ್ಲಿ. ಇವತ್ತು ಇದೊಂದೇ ಕ್ಷೇತ್ರದಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮತದಾರರಿದ್ದಾರೆ. ಓಟಿಲ್ಲದ ಮಕ್ಕಳನ್ನೂ, ಓಟು ಊರಲ್ಲೇ ಇಟ್ಟುಕೊಂಡು ಇಲ್ಲಿ ಬಾಡಿಗೆಗೆ ಇರುವವರನ್ನೂ ಸೇರಿಸಿಕೊಳ್ಳಿ. 2011ರ ಜನಗಣತಿಯಲ್ಲಿ ಇಡೀ ತುಮಕೂರು ನಗರದ ಜನಸಂಖ್ಯೆ ಸುಮಾರು 3 ಲಕ್ಷ. ಅಂದ್ರೆ ನಾವು ಬದುಕ್ತಾ ಇರೋದು "ಏರಿಯಾ"ದಲ್ಲಿ ಅಲ್ಲ ಸ್ವಾಮಿ, ತುಮಕೂರಿನಷ್ಟು ದೊಡ್ಡ ಒಂದು ಊರಲ್ಲಿ!

ಆದ್ರೆ ತುಮಕೂರಿಗೆ ಒಂದು ಅಮಾನಿಕೆರೆ ಇದೆ. ತನ್ನದೇ ಮಹಾನಗರ ಪಾಲಿಕೆ ಇದೆ, ವಿಶ್ವವಿದ್ಯಾಲಯ ಇದೆ, ಟೌನ್‌ಹಾಲ್ ಸರ್ಕಲ್ ಇದೆ. ಅಲ್ಲೇ ಅಚ್ಚಾಗೋ ದಿನಪತ್ರಿಕೆ ಇದೆ. ತುಮಕೂರಿನವರು "ನಾನು ತುಮಕೂರಿನವನು" ಅಂತ ಧೈರ್ಯವಾಗಿ ಹೇಳ್ತಾರೆ. ಅಷ್ಟೇ ಜನ ಇರೋ ನಮಗೆ ಏನಿದೆ? ಅಡ್ಡರಸ್ತೆಗಳಿವೆ, ಮುಖ್ಯರಸ್ತೆಗಳಿವೆ, ಅವಕ್ಕೆ ನಂಬರುಗಳಿವೆ.

"ಅಯ್ಯೋ, ನೀವು ಬೆಂಗಳೂರಿನವರಲ್ವಾ, ಲಾಲ್‌ಬಾಗ್ ನಿಮ್ಮದೇ, ಕಬ್ಬನ್ ಪಾರ್ಕ್ ನಿಮ್ಮದೇ, ರವೀಂದ್ರ ಕಲಾಕ್ಷೇತ್ರ ನಿಮ್ಮದೇ" ಅಂತ ಕೆಲವರು ಹೇಳಬಹುದು. ಸರಿ, ನಮ್ಮದೇ. ಆದ್ರೆ ಮಂಡಿನೋವಿನ ಅಜ್ಜಿಗೆ ಕಬ್ಬನ್ ಪಾರ್ಕ್ ಅಂದ್ರೆ ಒಂದು ಪ್ರಯಾಣ. ಎಂಟು ವರ್ಷದ ಹುಡುಗ ಬ್ಯಾಟ್ ಹಿಡ್ಕೊಂಡು ಲಾಲ್‌ಬಾಗಿಗೆ ಹೋಗೋಕಾಗಲ್ಲ. ಕಾಲು ನಡೆಸೋವಷ್ಟು ದೂರವೇ ಮನುಷ್ಯನ ಊರು, ಅದರಾಚೆಗಿನದ್ದು ವಿಳಾಸ ಅಷ್ಟೇ ಅಂತ ನನ್ನ ಅಭಿಪ್ರಾಯ.

ಹಾಗಂತ ಇಲ್ಲಿ ಬದುಕು ಕಷ್ಟ ಅಂತಲ್ಲ. ಬಾಳೋದಕ್ಕೆ ಇದರಷ್ಟು ಹಿತವಾದ ಜಾಗ ಬೆಂಗಳೂರಲ್ಲಿ ಕಮ್ಮಿ. ಹಾಲು, ಸೊಪ್ಪು, ಔಷಧಿ, ದರ್ಶಿನಿ ಕಾಫಿ, ದರ್ಜಿ ಎಲ್ಲಾ ಹತ್ತು ನಿಮಿಷದ ನಡಿಗೆಯಲ್ಲಿ. ಆಟೋದವರಿಂದ ಬ್ಯಾಂಕಿನ ಕೌಂಟರ್‌ವರೆಗೆ ಕನ್ನಡದಲ್ಲೇ ದಿನ ಕಳೆಯಬಹುದು. ನಮ್ಮ ಸುತ್ತಲ ರಸ್ತೆಗಳ ಹೆಸರುಗಳನ್ನೇ ನೋಡಿ: ಮಾಗಡಿ ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆ. ಆ ರಸ್ತೆಗಳಲ್ಲಿ ಬಸ್ಸು ಹತ್ತಿ ಬಂದವರು ಇಳಿದ ಕಡೆಯೇ ಸೈಟು ಮಾಡಿಕೊಂಡು ಕಟ್ಟಿದ ಊರು ಇದು. ಈಚೆಗೆ ಉತ್ತರ ಕರ್ನಾಟಕದ ಹುಡುಗ ಹುಡುಗಿಯರೂ ಸೇರಿಕೊಂಡಿದ್ದಾರೆ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಕೆಎಎಸ್, ಐಎಎಸ್ ಕೋಚಿಂಗ್ ಕೇಂದ್ರಗಳು ಜಾಸ್ತಿ. ಅವರ ಜೊತೆ ಜೋಳದ ರೊಟ್ಟಿ ಖಾನಾವಳಿಗಳೂ ಬಂದವು. ನಮಗೆ ಲಾಭವೇ ಆಯ್ತು!

ಈ ಮಕ್ಕಳೆಲ್ಲ ಓದೋದೆಲ್ಲಿ? ಪಿಜಿಯ ರೂಮಿನಲ್ಲಿ ನಾಲ್ಕು ಮಂಚ ಹಾಕಿದ ಮೇಲೆ ಕುರ್ಚಿಗೆ ಜಾಗ ಇರಲ್ಲ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ನೋಡಿ, ಗೊತ್ತಾಗುತ್ತೆ. ಒಂದು ಕಡೆ ನಿವೃತ್ತರು ಪೇಪರ್ ಓದ್ತಾ ಇರ್ತಾರೆ, ಇನ್ನೊಂದು ಕಡೆ ಪರೀಕ್ಷೆಗೆ ಓದೋರು. ಏನು ಹಾಕ್ಕೊಂಡಿದ್ದೀರಿ, ಎಷ್ಟು ಖರ್ಚು ಮಾಡ್ತೀರಿ ಅಂತ ಬಾಗಿಲಲ್ಲಿ ಯಾರೂ ಕೇಳಲ್ಲ. ನನ್ನ ಪ್ರಕಾರ ಈ ಭಾಗದಲ್ಲಿ "ಊರು" ಅಂತ ಕರೆಯಬಹುದಾದ ಜಾಗ ಅದು. ಅಂಥವು ನಮಗೆ ಹತ್ತು ಬೇಕಿತ್ತು.

ಅಂಥ ಜಾಗ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ 2024ರ ಜುಲೈ ತಿಂಗಳನ್ನ ನೆನಪು ಮಾಡಿಕೊಳ್ಳಿ. ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಕೆ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಬಂದಿದ್ರು. ಕೈಯಲ್ಲಿ ಟಿಕೆಟ್ ಇತ್ತು. ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ವಿಡಿಯೋ ಎಲ್ಲಾ ಕಡೆ ಹರಡ್ತು, ವಿಧಾನಸಭೆಯಲ್ಲಿ ಚರ್ಚೆ ಆಯ್ತು, ಸರ್ಕಾರ ಆ ಮಾಲನ್ನ ಏಳು ದಿನ ಮುಚ್ಚಿಸ್ತು. ನಾವೆಲ್ಲ ಸಿಟ್ಟಾದೆವು, ಆಗಬೇಕಾದ್ದೇ.

ಆದ್ರೆ ಇದು ನಡೆದದ್ದು ಎಲ್ಲಿ? ಕನ್ನಡವೇ ಬಾರದ ಯಾವುದೋ ಟೆಕ್ ಪಾರ್ಕಿನಲ್ಲಲ್ಲ. ನವೆಂಬರ್ ಬಂದ್ರೆ ಬೀದಿಬೀದಿಗೂ ಹಳದಿ ಕೆಂಪು ಬಾವುಟ ಕಟ್ಟೋ "ಅಪ್ಪಟ ಕನ್ನಡ ಏರಿಯಾ"ದ ರಸ್ತೆಯಲ್ಲಿ! ಬಾವುಟ ಇದ್ದ ಮಾತ್ರಕ್ಕೆ ಊರು ನಮ್ಮದಾಗಲ್ಲ. ಎಲ್ಲರಿಗೂ ಸೇರಿದ ಜಾಗ ಇಲ್ಲದ ಕಡೆ, ನಾಲ್ಕು ಜನ ಸೇರಬೇಕು ಅಂದ್ರೆ ಯಾರದ್ದೋ ಖಾಸಗಿ ಗೇಟು ದಾಟಲೇಬೇಕು. ಗೇಟು ಅಂದ ಮೇಲೆ ಕಾಯೋನೊಬ್ಬ ಇರ್ತಾನೆ, ಅವನ ಕೈಗೊಂದು ನಿಯಮ ಕೊಟ್ಟಿರ್ತಾರೆ. ಅಮಾನಿಕೆರೆ ಏರಿ ಮೇಲೆ ಪಂಚೆ ಉಟ್ಟು ಬಂದವರನ್ನ ತಡೆಯೋಕೆ ಯಾರಿಗೆ ಸಾಧ್ಯ ಹೇಳಿ?

ಸರ್ಕಾರ ಈ ಕಡೆ ಏನೂ ಮಾಡಿಲ್ಲ ಅಂತ ಹೇಳೋಕಾಗಲ್ಲ. 2024ರ ಆಗಸ್ಟ್‌ನಲ್ಲಿ ವಿಜಯನಗರದಲ್ಲಿ ಹವಾನಿಯಂತ್ರಿತ ಪಾಲಿಕೆ ಬಜಾರ್ ಉದ್ಘಾಟನೆ ಆಯ್ತು. ಬೀದಿ ಬದಿ ವ್ಯಾಪಾರಿಗಳಿಗೆ ತಲೆ ಮೇಲೊಂದು ಸೂರು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದ್ರೆ ಅದೂ ಕೊಳ್ಳೋ ಜಾಗವೇ. ಏನೂ ಕೊಳ್ಳದೆ ಸುಮ್ಮನೆ ಕೂರೋ ಜಾಗ ಯಾರ ಪಟ್ಟಿಯಲ್ಲೂ ಇಲ್ಲ.

ಈಗ ಈ ಮಾತು ಯಾಕೆ ಅಂದ್ರೆ, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು. ನಾವು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದ್ವಿ. ವಾರ್ಡುಗಳ ಲೆಕ್ಕದಲ್ಲಿ ಐದರಲ್ಲಿ ದೊಡ್ಡದು ನಮ್ಮದೇ, ನೂರಕ್ಕೂ ಹೆಚ್ಚು ವಾರ್ಡು. ಹಿಂದಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಅಲ್ಲಿಂದ ಹೊಸ ಪಾಲಿಕೆ ಹುಟ್ಟೋವರೆಗೆ ಐದು ವರ್ಷ ಅಧಿಕಾರಿಗಳದ್ದೇ ಆಡಳಿತ. ಬೀದಿದೀಪ ಕೆಟ್ಟರೂ ಶಾಸಕರ ಮನೆ ಬಾಗಿಲಿಗೆ ಹೋಗೋ ಅಭ್ಯಾಸ ನಮಗಾಗಿಹೋಯ್ತು.

ಆ ಅಭ್ಯಾಸ ಬಿಡೋಕೆ ಇದೇ ಸಮಯ. ವಾರ್ಡು ಚಿಕ್ಕದಾದಷ್ಟೂ ಸದಸ್ಯ ಕೈಗೆ ಸಿಗ್ತಾನೆ. ಓಟು ಕೇಳೋಕೆ ಬಂದವರನ್ನ ನಾವು ಕೇಳಬೇಕಾದ್ದು ಹೆಚ್ಚೇನಿಲ್ಲ. ನಮ್ಮ ವಾರ್ಡಿಗೊಂದು ವಾಚನಾಲಯ, ಗಾಡಿಗಳು ನುಂಗದ ಫುಟ್‌ಪಾತ್, ಮರದ ಕೆಳಗೆ ಕಲ್ಲುಬೆಂಚು, ಮಕ್ಕಳಿಗೊಂದು ಬಯಲು. ಪಕ್ಕದ ಬಡಾವಣೆಯಲ್ಲಿ ಮೇಲ್ಸೇತುವೆ ಕಟ್ಟಿದ್ದಕ್ಕೆ ನಮ್ಮ ಓಟು ಯಾಕೆ? ಇದನ್ನ ಕೇಳೋಕೆ ನಾವು ಮತಗಟ್ಟೆವರೆಗಾದ್ರೂ ನಡೀಬೇಕು. 2023ರ ವಿಧಾನಸಭೆ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ 73 ಮತದಾನ ಆದ್ರೆ ಬೆಂಗಳೂರಲ್ಲಿ ಶೇ 55ರ ಆಸುಪಾಸು. ರಜೆ ಅಂತ ಮಲಗಿದವರಿಗೆ ಊರು ಯಾರು ಕೊಡ್ತಾರೆ?

ಹೆಸರಿನ ವಿಷಯಕ್ಕೆ ಬಂದ್ರೆ, ಮೆಟ್ರೋ ನಿಲ್ದಾಣಕ್ಕೆ ಹೆಸರಿಡಿ ಅಂತ ಧರಣಿ ಕೂರೋ ಅಗತ್ಯ ಇಲ್ಲ. ಸಂಜೆ ಕೂತು ಹರಟೋಕೆ ಒಂದು ಕಟ್ಟೆ ಇದ್ರೆ ಸಾಕು, ಜನ ಆ ಜಾಗಕ್ಕೆ ತಾವೇ ಹೆಸರಿಡ್ತಾರೆ, ಆ ಊರಿನವರು ಅಂತಾನೂ ಹೇಳ್ಕೋತಾರೆ.

ನಿಮ್ಮ ಕಡೆ ಹೇಗೆ? ಏನೂ ಕೊಳ್ಳದೆ ಒಂದು ಗಂಟೆ ಕೂರೋಕೆ ಜಾಗ ಇದೆಯಾ?