ಮುಪ್ಪಿನ ಬುತ್ತಿ

ನಮ್ಮ ಮನೆಗೆ ಅನೇಕ ವರ್ಷಗಳಿಂದ ಬಂದು ಹೋಗುವ ಹಿರಿಯರೊಬ್ಬರಿದ್ದಾರೆ. ದಾವಣಗೆರೆಯ ದಲಾಲಿ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಕಿರ್ದಿ ಬರೆದವರು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು, ಮಗನಿಗೆ ಇಂಜಿನಿಯರಿಂಗ್ ಓದಿಸಿದರು. ಈಗ ಎಪ್ಪತ್ತರ ಸಮೀಪದಲ್ಲಿದ್ದಾರೆ. ಮಗ ಬೆಂಗಳೂರಿನಿಂದ ತಿಂಗಳು ತಪ್ಪದೆ ಹಣ ಕಳಿಸುತ್ತಾನೆ. ಸೊಸೆ ಒಂದು ಮಾತು ಆಡಿದವಳಲ್ಲ. ಆದರೂ ಕಳೆದ ದೀಪಾವಳಿಯ ಹೊತ್ತಿಗೆ ಕನ್ನಡಕದ ಗಾಜು ಬಿರುಕುಬಿಟ್ಟಾಗ ಅವರು ಎರಡು ತಿಂಗಳ ಕಾಲ ಆ ಬಿರುಕಿನ ಮೂಲಕವೇ ಪತ್ರಿಕೆ ಓದಿದರು. ಏಕೆಂದು ನಾವು ವಿಚಾರಿಸಿದಾಗ, "ಮಗ ಕೊಡೋದಿಲ್ಲ ಅಂತಲ್ರೀ, ಕೇಳೋದೇ ಒಂದು ಕಷ್ಟ" ಎಂದರು.

ಇಲ್ಲಿ ತಪ್ಪು ಯಾರದು? ಮಗನದಲ್ಲ, ಸೊಸೆಯದೂ ಅಲ್ಲ. ದುಡಿಯುವ ಕಾಲದಲ್ಲಿ ಎಲ್ಲರಿಗಾಗಿ ಎತ್ತಿಟ್ಟ ಆ ಜೀವ ತನ್ನ ಮುಪ್ಪಿಗೆಂದು ಏನನ್ನೂ ಎತ್ತಿಡಲಿಲ್ಲ, ಅಷ್ಟೆ.

ಸರ್ಕಾರಿ ನೌಕರಿ ಸಿಕ್ಕರೆ ಪಿಂಚಣಿ ಸಿಕ್ಕಂತೆಯೇ ಎಂಬ ಭರವಸೆ ನಮ್ಮ ಮನೆಗಳಲ್ಲಿ ಬಹುಕಾಲ ಇತ್ತು. ಕೇಂದ್ರದಲ್ಲಿ 2004ರ ಜನವರಿ 1ರಿಂದ, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪದ್ಧತಿಯ ಬದಲು ನೌಕರನೂ ವಂತಿಗೆ ಕಟ್ಟುವ ಹೊಸ ಪದ್ಧತಿ ಬಂದಿತು. 2025ರ ಏಪ್ರಿಲ್‌ನಿಂದ ಕೇಂದ್ರವು ಏಕೀಕೃತ ಪಿಂಚಣಿ ಎಂಬ ಇನ್ನೊಂದು ಆಯ್ಕೆಯನ್ನು ನೀಡಿದೆಯಾದರೂ ಅದು ಅಲ್ಲಿನ ನೌಕರರಿಗೆ ಮಾತ್ರ. ಅಂಗಡಿಯವರು, ಒಕ್ಕಲುತನದವರು, ಚಿಕ್ಕ ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರು ತಮ್ಮ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳಬೇಕಾಗಿದೆ. ನಮ್ಮ ಓದುಗರಲ್ಲಿ ಹೆಚ್ಚಿನವರು ಇವರೇ.

ಬೇಗ ಆರಂಭಿಸುವುದರ ಮಹತ್ವವನ್ನು ನಾವು ಹೇಳುವುದಕ್ಕಿಂತ ಆ ಹಿರಿಯರೇ ನಮಗೆ ಬರೆದುಕೊಟ್ಟ ಲೆಕ್ಕವನ್ನು ಇಲ್ಲಿ ಕೊಡುವುದು ಲೇಸು. ಇಬ್ಬರು ಅಣ್ಣತಮ್ಮಂದಿರೆಂದು ಇಟ್ಟುಕೊಳ್ಳೋಣ. ಅಣ್ಣ ಇಪ್ಪತ್ತೈದನೆಯ ವಯಸ್ಸಿನಿಂದ ವರ್ಷಕ್ಕೆ 12,000 ರೂಪಾಯಿಯಂತೆ ಹತ್ತೇ ವರ್ಷ ಕಟ್ಟಿ, ಮೂವತ್ತೈದಕ್ಕೆ ನಿಲ್ಲಿಸಿ, ಹಣವನ್ನು ಮುಟ್ಟದೆ ಬಿಡುತ್ತಾನೆ. ತಮ್ಮ ಮೂವತ್ತೈದಕ್ಕೆ ಆರಂಭಿಸಿ ಅರವತ್ತರವರೆಗೆ ಇಪ್ಪತ್ತೈದು ವರ್ಷ ಅಷ್ಟೇ ಹಣ ಕಟ್ಟುತ್ತಾನೆ. ಅಣ್ಣ ಕಟ್ಟಿದ್ದು 1,20,000, ತಮ್ಮ ಕಟ್ಟಿದ್ದು 3,00,000. ಶೇಕಡ 8ರ ಚಕ್ರಬಡ್ಡಿ ಹಿಡಿದರೆ ಅರವತ್ತನೆಯ ವಯಸ್ಸಿಗೆ ಅಣ್ಣನ ಗಂಟು ಸುಮಾರು 11,90,000 ರೂಪಾಯಿ. ತಮ್ಮನದು ಸುಮಾರು 8,77,000 ಮಾತ್ರ. ಎರಡೂವರೆ ಪಟ್ಟು ಕಟ್ಟಿದವನು ಹಿಂದೆ ಬಿದ್ದನು. ಬಡ್ಡಿಯ ದರ ಯಾವಾಗಲೂ ಎಂಟೇ ಇರುತ್ತದೆಂದು ಯಾರೂ ಮಾತು ಕೊಡಲಾರರು. ದರ ತೀರ ಇಳಿದರೆ ಅಣ್ಣನ ಮುನ್ನಡೆಯೂ ಉಳಿಯದು. ಆದರೆ ಕಟ್ಟಿದ ಒಂದೊಂದು ರೂಪಾಯಿಗೂ ಹೆಚ್ಚು ಫಲ ಪಡೆದವನು ಅಣ್ಣನೇ.

ಅಟಲ್ ಪಿಂಚಣಿ ಯೋಜನೆಯಲ್ಲಿಯೂ ಇದೇ ತತ್ತ್ವವಿದೆ. 2015ರಲ್ಲಿ ಆರಂಭವಾದ ಈ ಯೋಜನೆಗೆ 18ರಿಂದ 40 ವರ್ಷದವರು ಸೇರಬಹುದು. ಅರವತ್ತರ ನಂತರ ತಿಂಗಳಿಗೆ 5,000 ರೂಪಾಯಿ ಬೇಕೆಂದಾದರೆ ಹದಿನೆಂಟರಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟಬೇಕು; ನಲವತ್ತರಲ್ಲಿ ಸೇರಿದವನು 1,454. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಇದರಲ್ಲಿ ಹೊಸದಾಗಿ ಪ್ರವೇಶವಿಲ್ಲ. ಇನ್ನೊಂದು ಮಾತನ್ನು ಏಜೆಂಟರು ಹೇಳುವುದಿಲ್ಲವಾದ್ದರಿಂದ ನಾವು ಹೇಳುತ್ತೇವೆ: ಬೆಲೆಗಳು ವರ್ಷಕ್ಕೆ ಶೇಕಡ 5ರಂತೆ ಏರುತ್ತಾ ಹೋದರೆ ನಲವತ್ತೆರಡು ವರ್ಷಗಳ ನಂತರದ 5,000 ರೂಪಾಯಿ ಇಂದಿನ ಸುಮಾರು 640 ರೂಪಾಯಿಗೆ ಸಮ. ಆದುದರಿಂದ ಒಂದು ಯೋಜನೆಗೆ ಸೇರಿ ನಿಶ್ಚಿಂತೆಯಿಂದ ಕುಳಿತರೆ ಸಾಲದು. ಸಂಬಳ ಏರಿದಂತೆ ಉಳಿತಾಯವೂ ಏರಬೇಕು.

ನಾಳೆಗೆ ಕೂಡಿಡುವುದು ಶರಣರ ದಾರಿಗೆ ಸಲ್ಲುವುದೇ ಎಂದು ಕೆಲವು ಹಿರಿಯ ಓದುಗರು ಕೇಳಬಹುದು. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಈ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಕೈಕಾಲು ನಡೆಯುವ ಕಾಲದ ಕಾಯಕದ ಫಲವನ್ನು ಅವು ನಡೆಯದ ಕಾಲಕ್ಕೂ ಹಂಚಿಕೊಳ್ಳುವುದು ಆಸೆಯಲ್ಲ, ಮಿತವ್ಯಯ ಎಂದು ನಮ್ಮ ಭಾವನೆ. ಕಲ್ಯಾಣ ಮಂಟಪಕ್ಕೂ ಛತ್ರದ ಅಲಂಕಾರಕ್ಕೂ ಸಾಲ ತರುವಾಗ ನೆನಪಾಗದ ಲಕ್ಕಮ್ಮ, ಪಿಂಚಣಿಯ ಮಾತು ಬಂದಾಗ ಮಾತ್ರ ನೆನಪಾಗುವುದು ವಿಚಿತ್ರವಲ್ಲವೇ?

ಮಕ್ಕಳಿಗೆ ಇದನ್ನು ಕಲಿಸುವ ಸಮಯ ಮೊದಲ ಸಂಬಳದ ತಿಂಗಳು. ಅದಾದ ಮೇಲೆ ಮೋಟಾರ್ ಸೈಕಲ್ಲಿನ ಕಂತು ಬರುತ್ತದೆ, ಆನಂತರ ಮನೆಯ ಕಂತು. ಮೊದಲ ಸಂಬಳವನ್ನು ಜಗಲಿಯ ಮುಂದಿಟ್ಟು ನಮಸ್ಕರಿಸುವ ಮಗನನ್ನು ಅಥವಾ ಮಗಳನ್ನು ಅಂದೇ ಪಕ್ಕದಲ್ಲಿ ಕೂರಿಸಿಕೊಂಡು ಹತ್ತರಲ್ಲಿ ಒಂದು ಭಾಗವನ್ನು ತೆಗೆದಿಡಿಸಬೇಕು. ಬೋಧನೆಗಿಂತ ನಮ್ಮ ಪಾಸ್‌ಬುಕ್ಕನ್ನು ಅವರಿಗೆ ತೋರಿಸುವುದು ಹೆಚ್ಚು ಪರಿಣಾಮಕಾರಿ; ಅದು ಬರಿದಾಗಿದ್ದರೂ ತೋರಿಸಬೇಕು. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ತೆರೆದಿರುವುದರಿಂದ ಸಂಬಳವಿಲ್ಲದ ಗೃಹಿಣಿಯೂ ತನ್ನ ಹೆಸರಿನಲ್ಲಿ ಖಾತೆ ಹೊಂದಬಹುದು. ಮನೆಯ ಯಜಮಾನರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಬಿನ್ನಹ. ಎಳೆಯ ಮಕ್ಕಳಿಗಾಗಿ 2024ರ ಸೆಪ್ಟೆಂಬರ್‌ನಲ್ಲಿ ವಾತ್ಸಲ್ಯ ಎಂಬ ಶಾಖೆಯೂ ಆರಂಭವಾಗಿದೆ. ಹದಿನೆಂಟು ತುಂಬುವವರೆಗೆ ತಂದೆತಾಯಿ ಅಥವಾ ಪೋಷಕರು ಅದನ್ನು ನಡೆಸುತ್ತಾರೆ.

ಈ ಬೇಸಿಗೆಯಲ್ಲಿ ನಮ್ಮ ಹಿರಿಯರ ಮೊಮ್ಮಗನ ನಾಮಕರಣವಾಯಿತು. ಉಂಗುರ ಬೇಡವೆಂದು ಹೇಳಿ, ಮಗನಿಂದ ಆ ಕೂಸಿನ ಹೆಸರಿನಲ್ಲಿ ವಾತ್ಸಲ್ಯ ಖಾತೆ ತೆರೆಸಿ, ಮೊದಲ ಕಂತಿನ ಸಾವಿರ ರೂಪಾಯಿಯನ್ನು ತಾವೇ ಕೊಟ್ಟರು. ಲೆಕ್ಕದ ಹಾಳೆಯನ್ನು ಮಗನ ಕೈಗಿತ್ತು, "ನಿನಗೀಗ ಎಷ್ಟಪ್ಪಾ?" ಎಂದು ಕೇಳಿದರಂತೆ. "ಮೂವತ್ತೈದು" ಎಂದ ಮಗ ಆ ವಾರವೇ ತನ್ನ ಹೆಸರಿನಲ್ಲೂ ಹೆಂಡತಿಯ ಹೆಸರಿನಲ್ಲೂ ಎರಡು ಖಾತೆ ತೆರೆದನು. ಕನ್ನಡಕವೂ ಹೊಸದಾಗಿದೆ; ಆ ಹಣವನ್ನು ಮಗ ಅವರು ಕೇಳುವ ಮೊದಲೇ ಕಳಿಸಿದ್ದನು.