ಕಡಲಿಗೆ ಕಿವಿಗೊಟ್ಟು ಎಣಿಸುವವರು

ಮಲೆನಾಡಿನ ಮಂಜಿನ ಮುಂಜಾವಿನಲ್ಲಿ ದನ ಹುಡುಕಿಕೊಂಡು ಹೋದವರಿಗೆ ಇದು ಗೊತ್ತಿರುತ್ತದೆ. ಹತ್ತು ಮಾರು ಆಚೆಗೆ ಏನೂ ಕಾಣದು. ಆದರೆ ಕೊರಳ ಗಂಟೆಯ ಸದ್ದು ಕೇಳುತ್ತದೆ. ಬ್ಯಾಣದಲ್ಲಿ ಎಷ್ಟು ದನಗಳಿವೆ ಎಂದು ಗಂಟೆಯನ್ನಷ್ಟೇ ಕೇಳಿ ಹೇಳುವುದು ಕಷ್ಟ. ಆದರೆ ಕಳೆದ ವರ್ಷ ಬೆಳಗೆಲ್ಲ ಕೇಳುತ್ತಿದ್ದ ಸದ್ದು ಈ ವರ್ಷ ಅದೇ ಜಾಗದಲ್ಲಿ ಆಗೊಮ್ಮೆ ಈಗೊಮ್ಮೆ ಮಾತ್ರ ಕೇಳಿದರೆ? ಮಂದೆ ಕರಗಿದೆ ಎನ್ನಲು ಲೆಕ್ಕದ ಮೇಷ್ಟ್ರೇ ಬರಬೇಕಿಲ್ಲ.

ಮೆಕ್ಸಿಕೊ ದೇಶದ ಕಡಲಲ್ಲಿ ವಿಜ್ಞಾನಿಗಳು ಮಾಡಿದ್ದು ಹೆಚ್ಚುಕಮ್ಮಿ ಇದನ್ನೇ. ಅವರು ಹುಡುಕುತ್ತಿದ್ದ ಪ್ರಾಣಿಯ ಹೆಸರಿನ ಅರ್ಥವೂ, ಕಾಕತಾಳೀಯವೆನ್ನಿ, 'ಪುಟ್ಟ ಹಸು'. ಸ್ಪ್ಯಾನಿಷ್ ಭಾಷೆಯಲ್ಲಿ 'ವಾಕೀಟಾ'.

ವಾಕೀಟಾ ಹಸುವೂ ಅಲ್ಲ, ಮೀನೂ ಅಲ್ಲ. ಅದು ಪಾರ್ಪಾಯ್ಸ್, ಅಂದರೆ ಡಾಲ್ಫಿನ್‌ಗಳ ದಾಯಾದಿ. ಡಾಲ್ಫಿನ್‌ನ ಮೂತಿ ಸಾಮಾನ್ಯವಾಗಿ ಕೊಕ್ಕಿನಂತೆ ಚಾಚಿರುತ್ತದೆ. ಪಾರ್ಪಾಯ್ಸ್‌ನದು ಮೊಂಡು ಮುಖ. ನಮ್ಮ ಹಾಗೆಯೇ ಬಿಸಿರಕ್ತ, ಶ್ವಾಸಕೋಶ, ಮರಿಗೆ ಮೊಲೆಯುಣಿಸುವ ತಾಯಿ. ವಾಕೀಟಾದ ಉದ್ದ ಹೆಚ್ಚೆಂದರೆ ಒಂದೂವರೆ ಮೀಟರ್. ಕಣ್ಣಿನ ಸುತ್ತ ಕಾಡಿಗೆ ತೀಡಿದಂಥ ಕಪ್ಪು ಉಂಗುರ, ತುಟಿಗೂ ಅದೇ ಬಣ್ಣ. ಇಡೀ ಪ್ರಪಂಚದಲ್ಲಿ ಇದು ಇರುವುದು ಒಂದೇ ಕಡೆ: ಕ್ಯಾಲಿಫೋರ್ನಿಯಾ ಕೊಲ್ಲಿಯ ತುತ್ತತುದಿಯಲ್ಲಿ, ಕೊಲರಾಡೊ ನದಿಯ ಮುಖದ ಹತ್ತಿರದ ಕಲಕು ನೀರಿನಲ್ಲಿ. ಇಂಥದೊಂದು ಜೀವಿ ಇದೆಯೆಂದು ವಿಜ್ಞಾನ ಒಪ್ಪಿಕೊಂಡದ್ದೇ 1958ರಲ್ಲಿ, ಅದೂ ದಡದಲ್ಲಿ ಸಿಕ್ಕ ತಲೆಬುರುಡೆಗಳನ್ನು ನೋಡಿ.

ಇದನ್ನು ಕಣ್ಣಿನಿಂದ ಎಣಿಸುವುದು ಬಲು ಫಜೀತಿ. ಡಾಲ್ಫಿನ್‌ನಂತೆ ಇದು ಚಿಮ್ಮುವುದಿಲ್ಲ, ದೋಣಿಯ ಮುಂದೆ ಆಟವಾಡುವುದಿಲ್ಲ. ಎಂಜಿನ್ನಿನ ಸದ್ದು ಕೇಳಿದರೆ ದೂರ ಸರಿಯುತ್ತದೆ. ಉಸಿರಿಗಾಗಿ ಮೆಲ್ಲಗೆ ಬೆನ್ನು ತೋರಿಸಿ, ನೀವು ದುರ್ಬೀನು ತಿರುಗಿಸುವಷ್ಟರಲ್ಲಿ ಮುಳುಗಿರುತ್ತದೆ. ಗಾಳಿ ತುಸು ಎದ್ದು ಅಲೆಗೆ ನೊರೆ ಬಂದರೆ ಆ ದಿನದ ಕೆಲಸ ಮುಗಿದ ಹಾಗೆ. ದೊಡ್ಡ ಹಡಗು ಕಟ್ಟಿಕೊಂಡು 1997ರಲ್ಲಿ ಎಣಿಸಿದಾಗ ಅಂದಾಜು 567 ಎಂದು ಬಂತು. 2008ರಲ್ಲಿ 245. ಎರಡು ಎಣಿಕೆಗಳ ನಡುವೆ 11 ವರ್ಷ! ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯವಾಗಿದ್ದವು. ಇನ್ನೊಂದು 11 ವರ್ಷ ಕಾಯುವ ಹಾಗಿರಲಿಲ್ಲ.

ಆಗ ಕಿವಿಯ ನೆನಪಾಯಿತು. ಕಲಕು ನೀರಿನಲ್ಲಿ ವಾಕೀಟಾಕ್ಕೂ ಕಣ್ಣು ಅಷ್ಟಕ್ಕಷ್ಟೇ. ಅದು ಬಾವಲಿಯ ಉಪಾಯವನ್ನೇ ನೆಚ್ಚಿಕೊಂಡಿದೆ. 'ಟಿಕ್, ಟಿಕ್' ಎಂದು ಚುಟುಕು ಸದ್ದು ಹೊರಡಿಸುತ್ತದೆ. ಅದು ಮೀನಿಗೋ ಬಂಡೆಗೋ ಬಡಿದು ಮರಳಿದಾಗ ಅದರಿಂದಲೇ ದಾರಿ, ಊಟ ಎಲ್ಲವನ್ನೂ ಗುರುತಿಸುತ್ತದೆ. ಆದರೆ ನೀವು ನೀರಿಗೆ ತಲೆಯಿಟ್ಟು ಎಷ್ಟು ಆಲಿಸಿದರೂ ಆ ಟಿಕ್ ನಿಮಗೆ ಕೇಳಿಸದು. ನಮ್ಮ ಕಿವಿಯ ಮಿತಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನ. ವಾಕೀಟಾದ ಸ್ವರ ಸೆಕೆಂಡಿಗೆ ಸುಮಾರು 1 ಲಕ್ಷ 30 ಸಾವಿರ.

ಇಷ್ಟು ಕೀಚಲು ಸ್ವರವೇಕೆ? ಹೈಸ್ಕೂಲಿನ ಮಕ್ಕಳು ಇಲ್ಲೇ ಒಂದು ಲೆಕ್ಕ ಮಾಡಬಹುದು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು. 1500ನ್ನು 1,30,000ದಿಂದ ಭಾಗಿಸಿ. ಒಂದೊಂದು ಅಲೆಯ ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಅಲೆ ಸಣ್ಣದಾದಷ್ಟೂ ಸಣ್ಣ ವಸ್ತುವನ್ನು ಸ್ಪಷ್ಟವಾಗಿ ಗುರುತಿಸಬಹುದು. ಬೆರಳುದ್ದದ ಮೀನು ಹುಡುಕುವವರಿಗೆ ಇದು ತಕ್ಕ ಅಳತೆ. ಕೊಲೆಗಾರ ತಿಮಿಂಗಿಲಕ್ಕೆ ಇಷ್ಟು ಎತ್ತರದ ಸ್ವರ ಕೇಳಿಸುವುದಿಲ್ಲವಾದ್ದರಿಂದ, ಇದು ಶತ್ರುವಿಗೆ ಗೊತ್ತಾಗದಂತೆ ಮಾಡಿಕೊಂಡ ಗುಟ್ಟಿನ ಭಾಷೆ ಎಂದು ಊಹಿಸುವವರೂ ಇದ್ದಾರೆ. ಲಾಭವಿದ್ದಲ್ಲಿ ನಷ್ಟವೂ ಇರುತ್ತದಲ್ಲ: ಇಂಥ ಸದ್ದು ನೀರಿನಲ್ಲಿ ಬೇಗ ಸೊರಗುತ್ತದೆ. ಕೆಲವು ನೂರು ಮೀಟರ್ ದಾಟುವಷ್ಟರಲ್ಲಿ ಅದನ್ನು ಹಿಡಿಯುವುದು ಕಷ್ಟ. ಹಾಗಾಗಿ ಕೊಲ್ಲಿಗೆಲ್ಲ ಒಂದು ಕಿವಿ ಸಾಲದು, ಹತ್ತಾರು ಬೇಕು.

ಆ ಕಿವಿಯ ಹೆಸರು 'ಸಿ-ಪಾಡ್'. ಇಂಗ್ಲೆಂಡಿನ ನಿಕ್ ಟ್ರೆಜೆಂಜಾ ಎಂಬವರು ರೂಪಿಸಿದ್ದು. ನೋಡಲು ತೋಳುದ್ದದ ಪ್ಲಾಸ್ಟಿಕ್ ಕೊಳವೆ. ಒಂದು ತುದಿಯಲ್ಲಿ ನೀರಿನೊಳಗಿನ ಮೈಕು, ಅಂದರೆ ಹೈಡ್ರೋಫೋನ್; ಹೊಟ್ಟೆಯಲ್ಲಿ ಟಾರ್ಚಿಗೆ ಹಾಕುವಂಥ ದಪ್ಪ ಸೆಲ್ಲುಗಳು, ಜೊತೆಗೊಂದು ಮೆಮೊರಿ ಕಾರ್ಡು. ಇದು ಟೇಪ್‌ರೆಕಾರ್ಡರ್ ಅಲ್ಲ, ಡೈರಿ ಬರೆಯುವ ಗುಮಾಸ್ತ ಎನ್ನಿ. ಸದ್ದನ್ನೇ ಹಿಡಿದಿಟ್ಟರೆ ಕಾರ್ಡು ಬಹುಬೇಗ ತುಂಬಿಬಿಡುತ್ತದೆ. ಬದಲಿಗೆ ಪ್ರತಿ ಟಿಕ್ ಎಷ್ಟು ಹೊತ್ತಿಗೆ ಬಂತು, ಸ್ವರ ಎಷ್ಟು ಎತ್ತರ, ಎಷ್ಟು ಗಟ್ಟಿ, ಎಷ್ಟು ಕಾಲ ಇತ್ತು ಎಂದಷ್ಟೇ ಬರೆದುಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನೀರಿನಡಿ ಒಂಟಿಯಾಗಿ ಇರಬಲ್ಲದು.

ಕಡಲೇನೂ ಮೌನದ ಮನೆಯಲ್ಲ. ಚಿಟಿಕೆ ಹೊಡೆಯುವ ಸೀಗಡಿಗಳಿವೆ, ಉಬ್ಬರವಿಳಿತಕ್ಕೆ ಉರುಳುವ ಮರಳಿನ ಕರಕರ ಇದೆ, ದೋಣಿಗಳ ಸೋನಾರ್ ಇದೆ. ಈ ಗದ್ದಲದಲ್ಲಿ ವಾಕೀಟಾವನ್ನು ಬೇರ್ಪಡಿಸುವುದು ಹೇಗೆ? ಮರಳು ಅಡ್ಡಾದಿಡ್ಡಿ ಸದ್ದು ಮಾಡುತ್ತದೆ. ಪ್ರಾಣಿಯದು ಮಣಿ ಪೋಣಿಸಿದ ಹಾಗೆ ಸಾಲುಸಾಲು. ಬೇಟೆ ಹತ್ತಿರವಾದಂತೆ ಮಣಿಗಳ ನಡುವಿನ ಅಂತರ ಕಿರಿದಾಗುತ್ತ ಹೋಗಿ, ಕೊನೆಗೆ ಸೆಕೆಂಡಿಗೆ ನೂರಾರು ಟಿಕ್‌ಗಳ 'ಝರ್ರ್' ಆಗುತ್ತದೆ. ಕಂಪ್ಯೂಟರು ಈ ಸಾಲನ್ನು ಹುಡುಕುತ್ತದೆ. ಅದರ ತೀರ್ಪನ್ನು ಮನುಷ್ಯರು ಮತ್ತೊಮ್ಮೆ ನೋಡುತ್ತಾರೆ. ಆ ಮೇಲುಕೊಲ್ಲಿಯಲ್ಲಿ ಈ ಸ್ವರದ ಬೇರೆ ಪಾರ್ಪಾಯ್ಸ್ ಇಲ್ಲದಿರುವುದು ವಿಜ್ಞಾನಿಗಳ ಪುಣ್ಯ.

2011ರಿಂದ ಪ್ರತಿ ಬೇಸಿಗೆಯಲ್ಲಿ, ಅದೇ 40ಕ್ಕೂ ಹೆಚ್ಚು ಜಾಗಗಳಲ್ಲಿ ಈ ಕೊಳವೆಗಳನ್ನು ಇಳಿಸಲಾಯಿತು. ಬೇಸಿಗೆಯೇ ಏಕೆಂದರೆ ಆಗ ಬಲೆಗಳು ಕಡಿಮೆ. ಉಳಿದ ಕಾಲದಲ್ಲಿ ಬಲೆಗೆ ಸಿಕ್ಕಿ ಕಿತ್ತುಹೋಗುವ ಭಯ. ಅರ್ಮಾಂಡೊ ಹರಮಿಯೊ ಎಂಬ ಮೆಕ್ಸಿಕೊದ ವಿಜ್ಞಾನಿ ಈ ಕೆಲಸದ ಮುಂದಾಳು. ಕೊಳವೆ ಇಳಿಸಿ, ಮತ್ತೆ ಹುಡುಕಿ ಎತ್ತಿ ತಂದವರಲ್ಲಿ ಸ್ಯಾನ್ ಫೆಲಿಪೆ ಊರಿನ ಮೀನುಗಾರರೂ ಇದ್ದರು. ಒಂದು ಪ್ರಾಣಿ ನೂರು ಸಲ ಕೂಗಿತೋ, ನೂರು ಪ್ರಾಣಿ ಒಮ್ಮೊಮ್ಮೆ ಕೂಗಿದವೋ ಎಂದು ಕೊಳವೆ ಹೇಳದು, ಸರಿ. ಆದರೆ ಅದೇ ಜಾಗ, ಅದೇ ತಿಂಗಳು, ಅದೇ ಯಂತ್ರವಾದರೆ ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಎಂಬುದು ಗೊತ್ತಾಗುತ್ತದೆ.

ಗೊತ್ತಾದದ್ದು ಮಾತ್ರ ಕೆಟ್ಟ ಸುದ್ದಿ. 2011ರಿಂದ 2014ರವರೆಗೆ ಸದ್ದು ವರ್ಷಕ್ಕೆ ನೂರಕ್ಕೆ 31ರಂತೆ ಇಳಿದಿತ್ತು. ಚಕ್ರಬಡ್ಡಿಯನ್ನು ತಿರುಗುಮುರುಗು ಮಾಡಿ ನೋಡಿ: ನೂರು ಇದ್ದದ್ದು 69, ಆಮೇಲೆ 48, ಮೂರನೆಯ ವರ್ಷಕ್ಕೆ 33. ಹಡಗಿನ ಮೇಲಿಂದ ನೋಡುತ್ತಿದ್ದರೆ ಈ ಇಳಿತ ಇಷ್ಟು ಬೇಗ ತಿಳಿಯುತ್ತಿರಲಿಲ್ಲ. ಅಲ್ಲಿಯವರೆಗೆ 'ನೋಡೋಣ, ಮಾಡೋಣ' ಎನ್ನುತ್ತಿದ್ದ ಸರ್ಕಾರ 2015ರಲ್ಲಿ ಗಿಲ್‌ನೆಟ್ ಬಲೆಗಳಿಗೆ ಎರಡು ವರ್ಷದ ನಿಷೇಧ ಹಾಕಿತು, ಮೀನುಗಾರರಿಗೆ ಪರಿಹಾರವನ್ನೂ ಕೊಟ್ಟಿತು. 2017ರಲ್ಲಿ ನಿಷೇಧ ಕಾಯಂ ಆಯಿತು.

ಗಿಲ್‌ನೆಟ್ ಎಂದರೆ ನೀರಿನಲ್ಲಿ ಪರದೆಯಂತೆ ಇಳಿಬಿಡುವ ಬಲೆ. ಮೀನು ತಲೆ ತೂರಿಸಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ವಾಕೀಟಾ ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾರದೆ ಮುಳುಗಿ ಸಾಯುತ್ತದೆ. ಅದನ್ನು ಬೇಟೆಯಾಡುವವರು ಯಾರೂ ಇಲ್ಲ. ಬಲೆ ಹಾಕುವುದು ಸೀಗಡಿಗೆ, ಮತ್ತು ಕಳ್ಳತನದಲ್ಲಿ 'ಟೊಟೊವಾಬಾ' ಎಂಬ ಮೀನಿಗೆ. ಟೊಟೊವಾಬಾ ಹೆಚ್ಚುಕಮ್ಮಿ ವಾಕೀಟಾದಷ್ಟೇ ದೊಡ್ಡದಾಗುವುದರಿಂದ ಒಂದಕ್ಕೆ ಹಾಕಿದ ಬಲೆ ಇನ್ನೊಂದಕ್ಕೂ ಸರಿಹೊಂದುತ್ತದೆ. ಅದರ ಗಾಳಿಚೀಲಕ್ಕೆ ಚೀನಾದಲ್ಲಿ ಕಣ್ಣು ಕುಕ್ಕುವ ಬೆಲೆ. (ನಮ್ಮ ಪಶ್ಚಿಮ ಕರಾವಳಿಯ 'ಘೋಲ್' ಮೀನೂ ಇದೇ ಕುಲದ್ದು; ಅದಕ್ಕೆ ದುಬಾರಿ ಬೆಲೆ ಬರುವುದೂ ಗಾಳಿಚೀಲದಿಂದಲೇ.) ಈ ಕುಲದ ಮೀನುಗಳು ಅದೇ ಚೀಲವನ್ನು ಡೋಲಿನಂತೆ ಬಡಿದು ಸದ್ದು ಮಾಡುತ್ತವೆ.

ನಿಷೇಧ ಕಾಗದದ ಮೇಲಿತ್ತು, ಬಲೆ ರಾತ್ರಿ ನೀರಿನಲ್ಲಿತ್ತು. 2015ರಿಂದ 2016ಕ್ಕೆ ಸದ್ದು ಮತ್ತೆ ಅರ್ಧದಷ್ಟು ಕುಸಿಯಿತು. ಉಳಿದವು ಸುಮಾರು 30 ಎಂದು ಲೆಕ್ಕ. 2017ರಲ್ಲಿ ಕೆಲವನ್ನು ಹಿಡಿದು ಸಾಕಿ ಉಳಿಸುವ ಪ್ರಯತ್ನ ನಡೆಯಿತು. ಎರಡು ಸಿಕ್ಕವು. ಒಂದು ಎಳೆಯದು, ಅದರ ಗಾಬರಿ ಕಂಡು ಬಿಟ್ಟುಬಿಟ್ಟರು. ಇನ್ನೊಂದು ಬೆಳೆದ ಹೆಣ್ಣು, ಅದು ಸತ್ತುಹೋಯಿತು. ಅಲ್ಲಿಗೆ ಆ ಯೋಜನೆ ನಿಂತಿತು. 2018ರ ಬೇಸಿಗೆಯ ಹೊತ್ತಿಗೆ ಉಳಿದವು 19ಕ್ಕಿಂತ ಕಡಿಮೆ ಎಂದು ಅದೇ ಕೊಳವೆಗಳ ಡೈರಿಯಿಂದ ತಿಳಿಯಿತು.

ಹಾಗಾದರೆ ಕೇಳಿಸಿಕೊಂಡು ಏನು ಬಂತು ಎಂದು ನಿಮ್ಮ ಮಗಳೋ ಮಗನೋ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೊಳವೆ ಬಲೆಯನ್ನು ಕತ್ತರಿಸದು. ಆದರೆ ಕೊನೆಯ ವಾಕೀಟಾಗಳು ಯಾವ ಪುಟ್ಟ ಜಾಗದಲ್ಲಿ ಗುಂಪುಗೂಡಿವೆ ಎಂದು ತೋರಿಸಿಕೊಟ್ಟವರಲ್ಲಿ ಅದೂ ಒಂದು. 2022ರಲ್ಲಿ ಮೆಕ್ಸಿಕೊದ ನೌಕಾಪಡೆ ಆ ಜಾಗದ ತಳಕ್ಕೆ ಕೊಕ್ಕೆಯಿರುವ 193 ಕಾಂಕ್ರೀಟ್ ದಿಮ್ಮಿಗಳನ್ನು ಇಳಿಸಿತು. ಬಲೆ ಹಾಕಿದರೆ ಕೊಕ್ಕೆಗೆ ಸಿಕ್ಕಿ ಹರಿಯುತ್ತದೆ, ಆ ಭಯಕ್ಕೆ ಅಲ್ಲಿ ಬಲೆಗಳು ಬಹಳಷ್ಟು ಕಡಿಮೆಯಾದವು. 2023ರ ಸಮೀಕ್ಷೆಯಲ್ಲಿ ಕಂಡದ್ದು 10ರಿಂದ 13 ಎಂದು ಅಂದಾಜು, ಮರಿಯೂ ಇತ್ತು. 2024ರಲ್ಲಿ 6ರಿಂದ 8. 2025ರಲ್ಲಿ 7ರಿಂದ 10, ಮತ್ತೆ ಮರಿ ಕಂಡಿತು.

ವಾಕೀಟಾದ ನಂಟ ನಮ್ಮ ಕರಾವಳಿಯಲ್ಲೂ ಇದ್ದಾನೆ. ಬೆನ್ನಿನ ಮೇಲೆ ರೆಕ್ಕೆಯೇ ಇಲ್ಲದ, ಬೂದುಗಪ್ಪಿನ ಪಾರ್ಪಾಯ್ಸ್. ಸತ್ತು ದಡಕ್ಕೆ ಬಂದಾಗಲೇ ಹೆಚ್ಚಿನವರು ಅದನ್ನು ನೋಡಿರುವುದು. ಅದೂ ನಾಚಿಕೆಯ ಪ್ರಾಣಿ, ಅದೂ ಗಿಲ್‌ನೆಟ್ಟಿಗೆ ಸಿಕ್ಕಿ ಸಾಯುತ್ತದೆ, ಅದರ ಟಿಕ್ ಕೂಡ ಹೆಚ್ಚುಕಮ್ಮಿ ಅದೇ ಎತ್ತರದ್ದು. ಜೂನ್, ಜುಲೈ ತಿಂಗಳಲ್ಲಿ ನಮ್ಮ ಯಾಂತ್ರಿಕ ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿರುತ್ತವೆ. ಆ ಮಳೆಗಾಲದ ಕಡಲಿನಲ್ಲಿ ದುರ್ಬೀನು ಹಿಡಿದು ನಿಲ್ಲುವವರು ಯಾರು? ಅಂಥ ಹೊತ್ತಿಗೆ ನೀರಿನಡಿ ಬಿಟ್ಟುಬಂದ ಕೊಳವೆಯೇ ಸರಿ, ಅದು ಕಿತ್ತುಹೋಗದ ಹಾಗೆ ಕಟ್ಟುವುದು ಗೊತ್ತಿದ್ದರೆ. ಆ ಗಂಟು ಹಾಕುವ ವಿದ್ಯೆ ಪ್ರಯೋಗಾಲಯದವರಿಗಿಂತ ಮಲ್ಪೆ, ಕಾರವಾರದ ಮೀನುಗಾರರಿಗೇ ಚೆನ್ನಾಗಿ ಗೊತ್ತು.