ಕಾಯಿದೆಯೂ ಅಂತಃಕರಣವೂ

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯು ಕಬ್ಬಿನ ಸೀಮೆ. ಈ ಸೀಮೆಯ ಕಬ್ಬು ಕಾರಖಾನೆಗೆ ಮುಟ್ಟಬೇಕಾದರೆ ಪರಸ್ಥಳದವರ ಕೈಗಳು ಬೇಕು. ಪ್ರತಿ ಹಂಗಾಮಿಗೂ ಮಹಾರಾಷ್ಟ್ರದ ಬೀಡ ಮೊದಲಾದ ಕಡೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಹೆಂಡಿರು ಮಕ್ಕಳೊಡನೆ ನಮ್ಮ ಬೆಳಗಾವಿ ಜಿಲ್ಲೆಗೆ ಬರುವವು. ಆದುದರಿಂದ ವಲಸೆಗಾರನ ಸಂಕಟವು ನಮಗೆ ದೂರದ ವಾರ್ತೆಯಲ್ಲ.

2020ನೆಯ ಇಸವಿಯ ಮಾರ್ಚ್ 24ರ ರಾತ್ರಿ, ರೋಗಭಯದಿಂದ ಇಡೀ ದೇಶವನ್ನು 21 ದಿವಸ ಮುಚ್ಚಲಾಗುವದೆಂದು ಸಾರಲಾಯಿತು. ಕೂಲಿ ನಿಂತಿತು, ರೈಲು ನಿಂತವು. ಹಸಿವು ಮಾತ್ರ ನಿಲ್ಲಲಿಲ್ಲ. ಲಕ್ಷಾವಧಿ ಜನರು ಗಂಟು ಹೊತ್ತು ಕಾಲ್ನಡೆಯಿಂದ ಊರ ದಾರಿ ಹಿಡಿದರು. ಮಾರ್ಚ್ 29ರಂದು ಕೇಂದ್ರದ ಗೃಹಖಾತೆಯು ಗಡಿಗಳನ್ನು ಮುಚ್ಚಿ ಅವರನ್ನು ತಡೆಯಬೇಕೆಂದು ಆಜ್ಞಾಪಿಸಿತು. ಮೇ 5ರಂದು ನಮ್ಮ ಕರ್ನಾಟಕ ಸರಕಾರವೂ ವಲಸೆಗಾರರ ವಿಶೇಷ ರೈಲುಗಳು ಬೇಡವೆಂದು ಬರೆದು, ಜನನಿಂದೆಗೆ ಗುರಿಯಾಗಿ, ಕೆಲವೇ ದಿನಗಳಲ್ಲಿ ಅವನ್ನು ತಿರುಗಿ ಬಿಡಲು ಒಪ್ಪಬೇಕಾಯಿತು.

ಇಂಥ ವೇಳೆಯಲ್ಲಿ ದಾರಿಗನನ್ನು ಕರೆದು ರೊಟ್ಟಿ ನೀರು ಕೊಟ್ಟು ಒಂದು ರಾತ್ರಿ ಇರಿಸಿಕೊಂಡವನು ಅಪರಾಧಿಯೋ? ರೋಗವು ಸುಳ್ಳಲ್ಲ, ಅದನ್ನು ತಡೆಯುವ ಆಜ್ಞೆಯನ್ನು ನಾವು ಹಗುರಾಗಿ ಎಣಿಸುವವರಲ್ಲ. ಆದರೆ 2005ರ ವಿಪತ್ತು ನಿರ್ವಹಣಾ ಕಾಯಿದೆಯ 51ನೆಯ ಕಲಮನ್ನು ಓದಿ ನೋಡಿರಿ. ಯುಕ್ತ ಕಾರಣವಿಲ್ಲದೆ ಆಜ್ಞೆ ಮೀರಿದವನಿಗೆ ಮಾತ್ರ ಅದು ಸೆರೆಮನೆಯನ್ನು ವಿಧಿಸುತ್ತದೆ. ಹಸಿದ ಕೂಸಿನ ಅಳುವಿಗಿಂತ ಯುಕ್ತವಾದ ಕಾರಣ ಯಾವದು? ಕಾಯಿದೆಯೇ ತೆರೆದಿಟ್ಟ ಬಾಗಿಲನ್ನು ಅಧಿಕಾರಿಯ ಲಾಠಿಯು ಮುಚ್ಚಲಾಗದು.

ಸರ್ವೋಚ್ಚ ನ್ಯಾಯಾಲಯವೂ ಈ ಸತ್ಯವನ್ನು ಮನಗಂಡಿತು. ವಲಸೆಗಾರರನ್ನು 15 ದಿನಗಳಲ್ಲಿ ಊರಿಗೆ ಮುಟ್ಟಿಸಬೇಕೆಂದೂ, ದಾರಿ ನಡೆದ ತಪ್ಪಿಗಾಗಿ ಅವರ ಮೇಲೆ ಹೂಡಿದ ಖಟ್ಲೆಗಳನ್ನು ಹಿಂತೆಗೆಯುವ ವಿಚಾರ ಮಾಡಬೇಕೆಂದೂ 2020ರ ಜೂನ್ 9ರಂದು ಅಪ್ಪಣೆ ಮಾಡಿತು. ಅದಕ್ಕೆ ಮೊದಲೇ ಫ್ರಾನ್ಸ್ ದೇಶದಲ್ಲಿ, ಇಟಲಿಯ ಗಡಿ ದಾಟಿ ಬಂದ ನಿರ್ಗತಿಕರಿಗೆ ಆಶ್ರಯವಿತ್ತ ರೈತನೊಬ್ಬನ ಖಟ್ಲೆಯಲ್ಲಿ, ಅಲ್ಲಿಯ ಸಂವಿಧಾನ ಮಂಡಳಿಯು 2018ರ ಜುಲೈ 6ರಂದು ಬಂಧುತ್ವವು ಸಂವಿಧಾನದ ತತ್ವವೆಂದು ಎತ್ತಿಹಿಡಿಯಿತು. ನಮ್ಮ ಸಂವಿಧಾನದ ಪೀಠಿಕೆಯಲ್ಲಿಯೂ ಭ್ರಾತೃತ್ವವೆಂಬ ಶಬ್ದವಿದೆ. ಅದು ಶೋಭೆಗಾಗಿ ಬರೆದುದೇನು?

ಗಡಿನಾಡಿನವರಾದ ನಾವು ಇನ್ನೊಂದು ಮಾತನ್ನು ಹೇಳಲೇಬೇಕು. ಗಡಿಯ ವಾದದಲ್ಲಿ ನಾವು ಕನ್ನಡದ ಪಕ್ಷದವರು. ಒಂದು ಹೆಜ್ಜೆಯನ್ನೂ ಹಿಂದಿಡೆವು. ಆದರೆ ಗಡಿಯ ಪ್ರಶ್ನೆ ಬೇರೆ, ಅನ್ನದ ಪ್ರಶ್ನೆ ಬೇರೆ. ಬೀಡದ ಕೂಲಿಯವನು ಮರಾಠಿಯಲ್ಲಿ ನೀರು ಕೇಳಿದರೆ ಅವನ ನೀರಡಿಕೆಯು ಕಡಿಮೆಯಾಗದು. ದಾಸೋಹದ ನಾಡೆಂದು ಹೆಮ್ಮೆಪಡುವವರು ಉಣಬಡಿಸುವ ಮುನ್ನ ಭಾಷೆಯನ್ನು ಕೇಳುವದು ಕನ್ನಡಕ್ಕೇ ಅವಮಾನ.

ಆದುದರಿಂದ ನಮ್ಮ ಬೇಡಿಕೆಯು ಸ್ಪಷ್ಟವಾಗಿದೆ. ಇನ್ನು ಮುಂದೆ ಇಂಥ ಆಜ್ಞೆ ಹೊರಟಾಗ, ಹಣ ಪಡೆಯದೆ ಅನ್ನ, ನೀರು, ಔಷಧ, ಆಶ್ರಯ ಕೊಡುವದು ಅಪರಾಧವಲ್ಲವೆಂದು ಆ ಆಜ್ಞೆಯಲ್ಲಿಯೇ ಬರೆಯತಕ್ಕದ್ದು. ಸಹಾಯ ಮಾಡುವವರಾದರೂ ರೋಗದ ಎಚ್ಚರಿಕೆಯನ್ನು ಪಾಲಿಸಿ, ಕದ್ದುಮುಚ್ಚಿಯಲ್ಲ, ನಾಲ್ಕು ಜನರ ಎದುರಿಗೆ ಮಾಡತಕ್ಕದ್ದು. ಊರಿನ ಶಿಕ್ಷಕರು ಶಾಲೆಯ ಕೋಣೆಗಳನ್ನು ತೆರೆಯಿಸಲು ಪಂಚಾಯತಿಯನ್ನು ಈಗಲೇ ಒಪ್ಪಿಸಿ ಇಟ್ಟುಕೊಳ್ಳಲಿ. ಸಂಕಟವು ಬಾಗಿಲಿಗೆ ಬಂದ ಮೇಲೆ ಠರಾವು ಬರೆಯುತ್ತ ಕುಳಿತರೆ ದಾರಿಗನು ಕಾಯಲಾರನು.